ತೊಗರಿಗೆ ಗಂಜಿನ ಅಡತಿ, ಮಕ್ಕಳಿಗೆ ಏಜೆನ್ಸಿಯ ಅಡತಿ



ಈ ಪುಟಗಳಲ್ಲಿ ನಾವು ತೊಗರಿಯ ಬೆಲೆ, ಗೊಬ್ಬರದ ಬೆಲೆ, ಬ್ಯಾಂಕಿನ ನೋಟೀಸು ಇವುಗಳನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲ ಇನ್ನೊಂದು ಮಾಲಿನ ಬಗ್ಗೆ ಬರೆಯಬೇಕಾಗಿದೆ. ಅದು ಹೊಲದಾಗ ಬೆಳೆಯುವ ಮಾಲಲ್ಲ, ಮನೆಯಾಗ ಬೆಳೆಯುವುದು. ಹದಿನೈದು ವರ್ಷ ಸಾಲಿ ಕಲಿಸಿ, ಫೀ ಕಟ್ಟಿ, ಬಿ.ಎ., ಐ.ಟಿ.ಐ., ಡಿಪ್ಲೊಮಾ ಅಂತ ಓದಿಸಿ ಕಲಬುರಗಿಗೆ ಕಳಿಸುತ್ತೀರಲ್ಲ, ಆ ನಿಮ್ಮ ಮಕ್ಕಳು. ಅವರನ್ನು ಮಾಲು ಅಂದದ್ದಕ್ಕೆ ಸಿಟ್ಟು ಬಂತೇನು? ಬರಲಿ. ಆದರೆ ಅವರನ್ನು ತೂಗಿ, ಕಡತ ಹಿಡಿದು, ಕೈ ಬದಲಾಯಿಸುವ ಅಂಗಡಿಗಳು ಕಲಬುರಗಿಯಲ್ಲಿ ಇವೆ. ಅವುಗಳ ಬೋರ್ಡಿನ ಮೇಲೆ 'ಮ್ಯಾನ್‌ಪವರ್ ಸಪ್ಲೈ' ಎಂದು ಬರೆದಿರುತ್ತದೆ.

ಬಸ್ ನಿಲ್ದಾಣದಿಂದ ಸೂಪರ್ ಮಾರ್ಕೆಟ್ ಕಡೆಗೆ ಒಮ್ಮೆ ನಡೆದು ಹೋಗಿರಿ. ಲೈಟಿನ ಕಂಬಕ್ಕೆ ಚೀಟಿ, ಗೋಡೆಗೆ ಚೀಟಿ. ಹುಡುಗರು ಬೇಕಾಗಿದ್ದಾರೆ, ಹತ್ತನೇ ಪಾಸಾಗಲಿ ಫೇಲಾಗಲಿ ನಡೆಯುತ್ತದೆ, ಊಟ ವಸತಿ ಪುಕ್ಕಟೆ, ಕೂಡಲೇ ಫೋನ್ ಮಾಡಿ. ಫೋನ್ ಮಾಡಿದರೆ ಯಾವುದೋ ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಗೆ ಕರೆಯುತ್ತಾರೆ. ಒಂದು ಮೇಜು, ಎರಡು ಕುರ್ಚಿ, ಒಂದು ಕಂಪ್ಯೂಟರ್, ಗೋಡೆಗೆ ದೇವರ ಫೋಟೋ. ಗಂಜಿನಲ್ಲಿ ಅಡತಿ ಅಂಗಡಿ ಹೀಗೇ ಇರುತ್ತದೆ. ಅಲ್ಲಿ ಕನಿಷ್ಠ ಕೂರಲು ಗಾದಿ ಇರುತ್ತದೆ, ಚಹಾ ಕೊಡುತ್ತಾರೆ.

ನಮ್ಮ ಕಮಲಾಪುರ ತಾಲೂಕಿನ ಒಬ್ಬ ರೈತರ ಮಾತು ಹೇಳುತ್ತೇನೆ. ಹೆಸರು ಬೇಡ, ಅವರು ಮರ್ಯಾದಸ್ಥರು. ಐದು ಎಕರೆ ಮಡ್ಡಿ ಭೂಮಿ, ತೊಗರಿ ಮತ್ತು ಹೆಸರು. ಮಗ ಐ.ಟಿ.ಐ. ಮುಗಿಸಿದ. ಒಂದು ಏಜೆನ್ಸಿಯವನು, "ಕಾಕಾ, ಸರಕಾರಿ ಆಫೀಸಿನಾಗ ಕೆಲಸ ಅದ. ಈಗ ಹೊರಗುತ್ತಿಗೆ, ಎರಡು ವರ್ಷ ತಡೀರಿ, ಪರ್ಮನೆಂಟ್ ಆಗ್ತದ. ಐವತ್ತು ಸಾವಿರ ಡಿಪಾಜಿಟ್ ಇಡ್ರಿ" ಅಂದ. ಸರಕಾರಿ ಅನ್ನುವ ಒಂದು ಮಾತಿಗೆ ನಾವು ಎಷ್ಟು ಬೇಗ ಸೋಲುತ್ತೇವೆ ನೋಡಿ! ನೂರಕ್ಕೆ ತಿಂಗಳಿಗೆ ಮೂರರಂತೆ ಬಡ್ಡಿಗೆ ರೊಕ್ಕ ತಂದು ಕೊಟ್ಟರು. ಪಾವತಿ ಕೇಳಿದರೆ, "ಡಿಪಾಜಿಟ್ಟಿಗಿ ಎಲ್ಲಿ ಪಾವತಿ ಕಾಕಾ, ವಿಶ್ವಾಸದ ಮಾತು" ಎಂದನಂತೆ.

ಐವತ್ತು ಸಾವಿರ ಅಂದರೆ ಎಷ್ಟು? ಕ್ವಿಂಟಲಿಗೆ ಏಳೂವರೆ ಸಾವಿರದ ಲೆಕ್ಕ ಹಿಡಿದರೆ ಏಳು ಕ್ವಿಂಟಲಿಗೆ ಸ್ವಲ್ಪ ಕಡಿಮೆ ತೊಗರಿ. ನಮ್ಮ ಒಣ ಬೇಸಾಯದಲ್ಲಿ ಎರಡು ಎಕರೆಯ ರಾಶಿ. ಬೀಜ, ಗೊಬ್ಬರ, ಔಷಧಿ, ಆಳು ಎಲ್ಲ ನಮ್ಮದೇ ಖರ್ಚು ಎಂಬುದನ್ನು ಬಿಟ್ಟು.

ಈಗ ಹುಡುಗನ ಪಗಾರಕ್ಕೆ ಬರೋಣ. ಕಾಗದ ಪೆನ್ಸಿಲ್ ಹಿಡಿದು ಕೂತುಕೊಳ್ಳಿ, ಗಂಜಿನ ಪಟ್ಟಿ ನೋಡುವ ಹಾಗೆ ನೋಡಿ. ಉದಾಹರಣೆಗೆ ತಿಂಗಳ ಪಗಾರ 15,000 ಎಂದು ಇಟ್ಟುಕೊಳ್ಳಿ. ಅದರ ಮೇಲೆ ಮಾಲಕರ ಪಾಲಿನ ಭವಿಷ್ಯ ನಿಧಿ ನೂರಕ್ಕೆ 12, ಅದರ ವಿಮೆ ಮತ್ತು ಆಡಳಿತ ಖರ್ಚು ನೂರಕ್ಕೆ 1, ಒಟ್ಟು 1,950 ರೂಪಾಯಿ. ಇ.ಎಸ್.ಐ. ನೂರಕ್ಕೆ 3.25, ಅಂದರೆ 488. ಇಲ್ಲಿಗೆ 17,438 ಆಯಿತು. ಏಜೆನ್ಸಿಯ ಸೇವಾ ಶುಲ್ಕ ನೂರಕ್ಕೆ 5 ಎಂದರೆ 872. ಈ ಎಲ್ಲದರ ಮೇಲೆ, ಅಂದರೆ ಹುಡುಗನ ಪಗಾರದ ಮೇಲೂ, ತೆರಿಗೆ ಅನ್ವಯಿಸುವ ಕಡೆ ಜಿ.ಎಸ್.ಟಿ. ನೂರಕ್ಕೆ 18. ಅದು 3,296. ಕೆಲಸ ಮಾಡಿಸಿಕೊಳ್ಳುವ ಆಫೀಸು ಅಥವಾ ಕಾರ್ಖಾನೆ ಕೊಡುವ ಒಟ್ಟು ಬಿಲ್ಲು 21,606 ರೂಪಾಯಿ. ಹುಡುಗನ ಕೈಗೆ ಬರುವುದು? ಅವನ ಪಾಲಿನ ಭವಿಷ್ಯ ನಿಧಿ 1,800, ಇ.ಎಸ್.ಐ. 113 ಕಳೆದು 13,087. ನಡುವೆ 8,519 ರೂಪಾಯಿ.

ಇದರಲ್ಲಿ ಎಲ್ಲವೂ ನುಂಗಿದ್ದಲ್ಲ. ಭವಿಷ್ಯ ನಿಧಿಯ ಎರಡೂ ಪಾಲು ಸೇರಿ 3,600 ರೂಪಾಯಿ ಹುಡುಗನದೇ ಗಂಟು. ಇ.ಎಸ್.ಐ. ಅವನ ಆಸ್ಪತ್ರೆಗೆ. ಆದರೆ ಯಾವಾಗ? ಏಜೆನ್ಸಿಯವನು ಆ ರೊಕ್ಕ ಕಟ್ಟಿದರೆ ಮಾತ್ರ. ಇಲ್ಲಿಯೇ ನಿಮ್ಮ ಬುದ್ಧಿ ಚುರುಕಾಗಬೇಕು. ಸರಿಯಾದ ದಾರಿಯಲ್ಲಿ ನಡೆದರೆ ಏಜೆನ್ಸಿಗೆ ತಲೆಗೆ ಸಿಗುವುದು ಬರೀ 872. ಟೆಂಡರಿನ ಪೈಪೋಟಿಯಲ್ಲಿ ನೂರಕ್ಕೆ ಒಂದಕ್ಕೆ, ಅದಕ್ಕೂ ಕೆಳಗೆ ಇಳಿದು ಬರೆಯುವವರಿದ್ದಾರೆ. ಅಷ್ಟು ಅಗ್ಗಕ್ಕೆ ಬರೆದವನು ತನ್ನ ಅಂಗಡಿ ಹೇಗೆ ನಡೆಸುತ್ತಾನೆ? ನಮಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. "ನಮ್ಮಲ್ಲಿ ಅಡತಿ ಇಲ್ಲ, ಮಾಲು ತಗೊಂಡು ಬರ್ರಿ" ಅಂದವನು ತೂಕದಾಗ ತಿನ್ನುತ್ತಾನೆ, ಕಸ ಅಂತ ತಿನ್ನುತ್ತಾನೆ, ರೊಕ್ಕ ಕೊಡುವುದು ತಡಮಾಡಿ ಅದರ ಬಡ್ಡಿ ತಿನ್ನುತ್ತಾನೆ. ಇಲ್ಲಿಯೂ ಅದೇ. ಕಟ್ಟದ ಭವಿಷ್ಯ ನಿಧಿ, ಮೂರು ತಿಂಗಳು ತಡೆದ ಪಗಾರ, ಹತ್ತು ಜನರ ಬಿಲ್ಲಿಗೆ ಎಂಟು ಜನ, ಮತ್ತು ಎಲ್ಲಕ್ಕಿಂತ ಮೊದಲು ನಿಮ್ಮ ಆ ಐವತ್ತು ಸಾವಿರದ ಡಿಪಾಜಿಟ್. ಎಲ್ಲ ಏಜೆನ್ಸಿಗಳೂ ಹೀಗೆ ಎಂದು ನಾನು ಬರೆಯುತ್ತಿಲ್ಲ. ಗಂಜಿನಾಗೂ ನ್ಯಾಯದ ತಕ್ಕಡಿ ಹಿಡಿಯುವವರು ಇದ್ದಾರೆ. ಆದರೆ ಅಗ್ಗದ ಟೆಂಡರು ಗೆಲ್ಲಿಸುವ ಪದ್ಧತಿಯೇ ನ್ಯಾಯದವನನ್ನು ಹೊರಗೆ ತಳ್ಳುತ್ತದೆ.

ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಟೋಳಿ ಕರೆದೊಯ್ಯುವ ಮುಕಾದಮರನ್ನು ನೀವು ಬಲ್ಲಿರಿ. ಆ ಪದ್ಧತಿಯೂ ಕೆಟ್ಟದ್ದೇ, ಗಂಡ ಹೆಂಡತಿ ಇಡೀ ಹಂಗಾಮು ಮುಂಗಡಕ್ಕೆ ಒತ್ತೆ ಬೀಳುತ್ತಾರೆ. ಆದರೂ ಒಂದು ಮಾತು ಒಪ್ಪಬೇಕು: ಮುಕಾದಮ ಮೊದಲು ರೊಕ್ಕ ಕೊಟ್ಟು ಆಮೇಲೆ ಜನ ಕರೆಯುತ್ತಾನೆ. ಪ್ಯಾಂಟು ಹಾಕಿದ ಈ ಹೊಸ ಮುಕಾದಮ ಮೊದಲು ರೊಕ್ಕ ಇಸಗೊಂಡು ಆಮೇಲೆ ಕೆಲಸ ತೋರಿಸುತ್ತಾನೆ! ಕೂಲಿಯವನಿಗೆ ಇರುವಷ್ಟು ಬೆಲೆ ನಮ್ಮ ಬಿ.ಎ. ಪಾಸಾದ ಹುಡುಗನಿಗೆ ಇಲ್ಲದೆ ಹೋಯಿತು. ಕೆಲಸ ಹುಡುಕುವವನಿಂದ ಏಜೆನ್ಸಿ ಹಣ ತೆಗೆದುಕೊಳ್ಳಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ 181ನೆಯ ಒಪ್ಪಂದ ಮಾಡಿತು. ಭಾರತ ಸರಕಾರ ಅದಕ್ಕೆ ಸಹಿ ಹಾಕಿಲ್ಲ.

ಹಿರಿಯರಿಗೆ ನೆನಪಿರಬೇಕು. ಹತ್ತನೆಯದು ಮುಗಿಸಿದ ಕೂಡಲೇ ಕಲಬುರಗಿಯ ಉದ್ಯೋಗ ವಿನಿಮಯ ಕೇಂದ್ರದ ಮುಂದೆ ಪಾಳಿ ಹಚ್ಚಿ ಕಾರ್ಡು ಮಾಡಿಸುತ್ತಿದ್ದೆವು. ಒಂದು ಪೈಸೆ ಡಿಪಾಜಿಟ್ ಇರಲಿಲ್ಲ. ಖಾಲಿ ಜಾಗವನ್ನು ಈ ಕೇಂದ್ರಕ್ಕೆ ತಿಳಿಸಲೇಬೇಕೆಂದು 1959ರಲ್ಲಿ ಕಾಯಿದೆ ಆಗಿತ್ತು. ಕಾರ್ಡು ಮಾಡಿಸಿದ ಎಷ್ಟೋ ಜನರಿಗೆ ಒಂದು ಪತ್ರವೂ ಬರಲಿಲ್ಲ, ಅದೂ ನಿಜ. ಆದರೆ ಸರಕಾರ ಆ ಕೇಂದ್ರವನ್ನು ಗಟ್ಟಿ ಮಾಡುವ ಬದಲು ತಾನೇ ಏಜೆನ್ಸಿಗಳ ದೊಡ್ಡ ಗಿರಾಕಿಯಾಗಿ ಕೂತಿತು. ಇವತ್ತು ರಾಜ್ಯದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಹುದ್ದೆಗಳು ಖಾಲಿ. ಖಾಲಿ ಅಂದರೆ ಕೆಲಸ ಇಲ್ಲವೆಂದಲ್ಲ. ಆಸ್ಪತ್ರೆಯ ನೆಲ ಒರೆಸಬೇಕು, ಹಾಸ್ಟೆಲಿನಾಗ ರೊಟ್ಟಿ ಬಡಿಯಬೇಕು, ಫೈಲು ಹೊರಬೇಕು, ಕಂಪ್ಯೂಟರಿನಾಗ ಪಹಣಿ ತೆಗೆಯಬೇಕು. ಕೆಲಸ ನಡೆದಿದೆ, ಹುದ್ದೆ ಮಾತ್ರ ಖಾಲಿ.

ಇದರಿಂದ ನಮ್ಮ ಭಾಗಕ್ಕೆ ಬಿದ್ದ ಪೆಟ್ಟು ಬೇರೆ ಯಾವ ಭಾಗಕ್ಕೂ ಬಿದ್ದಿಲ್ಲ. 371(ಜೆ) ಗಾಗಿ ಹೈದರಾಬಾದ್ ಕರ್ನಾಟಕದ ಜನ ಎಷ್ಟು ವರ್ಷ ಬೀದಿಯಲ್ಲಿ ಕೂತರು! 2012ರ ಕೊನೆಗೆ ಪಾರ್ಲಿಮೆಂಟು ತಿದ್ದುಪಡಿ ಒಪ್ಪಿತು, 2013ರಲ್ಲಿ ಮೀಸಲಾತಿಯ ಆದೇಶ ಬಂತು. ನಮ್ಮ ಭಾಗದ ಡಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 85 ನಮ್ಮ ಮಕ್ಕಳಿಗೆ. ಪೇಢೆ ಹಂಚಿದೆವು. 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಆದರೆ ಡಿ ಗುಂಪಿನ ಕೆಲಸವೇ ಏಜೆನ್ಸಿಯ ಕೈಗೆ ಹೋದ ಮೇಲೆ ಆ 85 ಯಾವುದರ 85? ನೇಮಕಾತಿಯೇ ಇಲ್ಲದ ಕಡೆ ಮೀಸಲಾತಿ ಎಂದರೆ ನೀರೇ ಬಿಡದ ಕಾಲುವೆಯ ಮೇಲೆ ನಮ್ಮ ಹಕ್ಕು ಬರೆದು ಕೊಟ್ಟ ಹಾಗೆ. 2024ರ ಮೇ ತಿಂಗಳಲ್ಲಿ ಸರಕಾರ ಹೊರಗುತ್ತಿಗೆಯಲ್ಲಿಯೂ ಜಾತಿವಾರು ಮೀಸಲಾತಿ ಪಾಲಿಸಬೇಕು, ಹೆಣ್ಣುಮಕ್ಕಳಿಗೆ ನೂರಕ್ಕೆ 33 ಕೊಡಬೇಕು ಎಂದು ಸುತ್ತೋಲೆ ಕಳಿಸಿತು. ಒಳ್ಳೆಯದೇ. ಆದರೆ ಅದು ಏಜೆನ್ಸಿಯ ಬಾಗಿಲೊಳಗೆ ಯಾರು ಹೋಗಬೇಕೆಂಬ ಲೆಕ್ಕ. ಆ ಬಾಗಿಲೇ ಯಾಕೆ ಎಂದು ಅದು ಕೇಳುವುದಿಲ್ಲ.

"ಎರಡು ವರ್ಷಕ್ಕೆ ಪರ್ಮನೆಂಟ್" ಎಂಬ ಮಾತಿಗೆ ಮೋಸ ಹೋಗಬೇಡಿ. ಗುತ್ತಿಗೆ ಕಾರ್ಮಿಕರು ತಂತಾನೇ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿತು. 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದ ತೀರ್ಪು ಬಂತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ಹಿಂಬಾಗಿಲಿನಿಂದ ಬಂದ ತಾತ್ಕಾಲಿಕ ನೌಕರ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಾಯಿತು. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು, ವರ್ಷಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಹೊರಗುತ್ತಿಗೆಯ ಮರೆಯಲ್ಲಿ ನಿಲ್ಲುವ ಸರಕಾರಿ ಸಂಸ್ಥೆಗಳನ್ನು ತರಾಟೆಗೆ ತೆಗೆದುಕೊಂಡಿತು. ಆದರೂ ಏಜೆನ್ಸಿಯ ಹುಡುಗ ಕಾಯಂ ಆಗುತ್ತಾನೆ ಎಂದು ಯಾವ ಕೋರ್ಟೂ ಬರೆದು ಕೊಟ್ಟಿಲ್ಲ. ಬಾಯಿಮಾತಿಗೆ ಬರೆದುಕೊಡುವವನು ಆ ಝೆರಾಕ್ಸ್ ಅಂಗಡಿಯ ಮೇಲಿನವನೊಬ್ಬನೇ.

ಬೆಂಗಳೂರು, ಪುಣೆ, ಹೈದರಾಬಾದಿಗೆ ಕಳಿಸುವ ಏಜೆನ್ಸಿಗಳದ್ದು ಇನ್ನೊಂದು ಬಗೆ. ಗೋದಾಮು, ಕಾವಲು, ಮನೆ ಮನೆಗೆ ಸಾಮಾನು ಮುಟ್ಟಿಸುವುದು. ಅಲ್ಲಿ ಹುಡುಗನಿಗೆ ತನ್ನ ಧಣಿ ಯಾರೆಂದೇ ತಿಳಿಯುವುದಿಲ್ಲ. ಅಂಗಿ ಒಬ್ಬರದು, ಪಗಾರ ಇನ್ನೊಬ್ಬರದು, ಬೈಗುಳ ಮೂರನೆಯವರದು. ಹನ್ನೆರಡು ತಾಸು ನಿಂತು ಕೆಲಸ ಮಾಡಿ ಆರು ತಿಂಗಳಿಗೆ ಬೆನ್ನು ನೋವು ಹಿಡಿದು ಊರಿಗೆ ಬರುತ್ತಾನೆ. ಇದಕ್ಕೆ ಹೆಚ್ಚು ಬರೆಯಬೇಕಿಲ್ಲ, ಪ್ರತಿ ಊರಿನಾಗ ಇಂಥ ನಾಲ್ಕು ಹುಡುಗರು ಕಟ್ಟೆ ಮೇಲೆ ಸಿಗುತ್ತಾರೆ, ಅವರನ್ನೇ ಕೇಳಿರಿ.

ವಿದೇಶದ ಮಾತು ಮಾತ್ರ ಬಿಡುವಂತಿಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಮೂವರು ಯುವಕರಿಗೆ ಏಜೆಂಟರು ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸ ಅಂತ ಹೇಳಿ ಕರೆದೊಯ್ದರು. ಹೋದ ಮೇಲೆ ಗೊತ್ತಾಯಿತು, ಅದು ಉಕ್ರೇನಿನ ಮೇಲಿನ ಯುದ್ಧದ ಗಡಿ. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು, ತಂದೆ ತಾಯಿ ಅಧಿಕಾರಿಗಳ ಬಾಗಿಲು ಬಾಗಿಲು ತಿರುಗಿದರು. ಮಾರ್ಚಿನಲ್ಲಿ ಸಿ.ಬಿ.ಐ. ಇಂಥ ಏಜೆಂಟರ ಮೇಲೆ ಮಾನವ ಸಾಗಾಣಿಕೆಯ ಮೊಕದ್ದಮೆ ಹೂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಮೂವರು ಜೀವಂತ ತಿರುಗಿ ಬಂದರು. ಎಲ್ಲರ ಮಕ್ಕಳೂ ಹಾಗೆ ತಿರುಗಿ ಬರಲಿಲ್ಲ, ಗುಜರಾತಿನ ಒಬ್ಬ ಹುಡುಗ ಅಲ್ಲಿಯೇ ಸತ್ತ. ವಿದೇಶಕ್ಕೆ ಜನ ಕಳಿಸುವವನಿಗೆ 1983ರ ವಲಸೆ ಕಾಯಿದೆಯಂತೆ ನೋಂದಣಿ ಇರಬೇಕು, ಅವನು ಕೆಲಸದವನಿಂದ ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಲಕ್ಷ ಎರಡು ಲಕ್ಷ ಕೇಳಿದನೆಂದರೆ ಅಲ್ಲಿಗೇ ತಿಳಿದುಕೊಳ್ಳಿ.

ಈಗ ನೀವು ಕೇಳಬಹುದು, ಇಷ್ಟೆಲ್ಲ ಗೊತ್ತಿದ್ದೂ ಹುಡುಗರು ಯಾಕ ಹೋಗ್ತಾರ? ಅದಕ್ಕೆ ಉತ್ತರ ಏಜೆನ್ಸಿಯಲ್ಲಿಲ್ಲ, ಹೊಲದಾಗ ಅದ. 2022ರಲ್ಲಿ ನೆಟೆ ರೋಗ ಬಂದು ಹೂವು ಕಾಯಿ ಹಿಡಿದ ತೊಗರಿ ನಿಂತಲ್ಲೇ ಒಣಗಿತು. 2023ರ ಕೊನೆಗೆ ಕ್ವಿಂಟಲಿಗೆ ಹತ್ತು ಸಾವಿರ ದಾಟಿದಾಗ ಮಾರಲು ನಮ್ಮ ಮನೆಯಾಗ ಮಾಲೇ ಇರಲಿಲ್ಲ. ಆಗ ಪಟ್ಟಣದವರಿಗೆ ಬೇಳೆ ತುಟ್ಟಿಯಾಯಿತೆಂದು ಆಫ್ರಿಕಾದ, ಬರ್ಮಾದ ತೊಗರಿಗೆ ಸುಂಕವಿಲ್ಲದ ಬಾಗಿಲನ್ನು ತೆರೆದೇ ಇಟ್ಟರು. 2025ರಲ್ಲಿ ನಮ್ಮ ಮಾಲು ಗಂಜಿಗೆ ಬಂದಾಗ ಧಾರಣೆ 7,550ರ ಬೆಂಬಲ ಬೆಲೆಗಿಂತ ಕೆಳಗೆ ಕೂತಿತು. ಅದೇ ವರ್ಷ ಸೆಪ್ಟೆಂಬರಿನ ಮಳೆ, ಭೀಮೆಯ ಪ್ರವಾಹ ಹೊಸ ಬೆಳೆಯನ್ನು ಕೊಳೆಸಿತು. ಸರಕಾರ ಬೆಂಬಲ ಬೆಲೆಯನ್ನು 8,000 ಮಾಡಿದ್ದೇವೆ ಎಂದು ಹೇಳಿಕೊಂಡಿತು. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಕಮಲಾಪುರದ ಕೆಂಪು ಬಾಳೆಗೂ ಸಿಕ್ಕಿದೆ. ಆದರೆ ಕೆಂಪು ಬಾಳೆ ಬೆಳೆಯುವ ತೋಟಗಳೇ ಕರಗುತ್ತಿವೆ. ಗುರುತು ಸಿಕ್ಕಿತು, ಬೆಲೆ ಸಿಗಲಿಲ್ಲ. ಇಂಥ ಹೊಲಕ್ಕೆ ಮಗನನ್ನು ನಿಲ್ಲು ಎಂದು ಯಾವ ಬಾಯಿಯಿಂದ ಹೇಳೋಣ? ತೊಗರಿಯ ಬೆಲೆ ಬಿದ್ದ ವರ್ಷ ಏಜೆನ್ಸಿಯ ಮೆಟ್ಟಿಲ ಮೇಲೆ ಚಪ್ಪಲಿ ಹೆಚ್ಚು.

ಒಂದು ಕಹಿ ಮಾತನ್ನೂ ಬರೆಯಬೇಕು, ಓದುಗರು ಬೇಸರ ಪಟ್ಟುಕೊಂಡರೂ ಚಿಂತೆಯಿಲ್ಲ. ನಮ್ಮ ಹಿರೇರು ಕೆಲವರು ಮುಂಗಡ ಕೊಟ್ಟು ವರ್ಷಗಟ್ಟಲೆ ಆಳು ಇಟ್ಟುಕೊಂಡವರು. 1976ರಲ್ಲಿ ಜೀತ ನಿಷೇಧದ ಕಾಯಿದೆ ಬಂದಾಗ ಊರಾಗ ಎಷ್ಟು ಮಂದಿ ಗೊಣಗಿದರು ಎಂಬುದು ನಮಗೆ ಗೊತ್ತು. ಇವತ್ತಿಗೂ ಕಟ್ಟೆ ಮೇಲೆ ಕೂತರೆ "ಆಳು ಸಿಗವಲ್ರು, ಕೂಲಿ ಬಾಳ ಆಗ್ಯಾದ" ಎಂಬುದೇ ನಮ್ಮ ಮಾತು. ಈಗ ನಮ್ಮ ಮಗ ಇನ್ನೊಬ್ಬರ ಆಳಾಗಿ ಹೋಗಿ, ಪಗಾರ ಮೂರು ತಿಂಗಳು ಬರದೆ, ಕೇಳಿದರೆ ನಾಳೆಯಿಂದ ಬರಬೇಡ ಅನ್ನಿಸಿಕೊಂಡು ಬರುತ್ತಾನೆ. ದುಡಿದವನ ಹಣ ತಡೆದರೆ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಆಗ ತಿಳಿಯುತ್ತದೆ.

ಏನು ಮಾಡಬೇಕು? ಮೊದಲು ಕಾಯಿದೆ ತಿಳಿದುಕೊಳ್ಳಿ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಇತ್ತು, ಇಪ್ಪತ್ತು ಜನರಿದ್ದರೆ ಅದು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಇಪ್ಪತ್ತು ಹೋಗಿ ಐವತ್ತು ಆಯಿತು. ಅಂದರೆ ಸಣ್ಣ ಗುತ್ತಿಗೆದಾರರು ಲೈಸೆನ್ಸಿನ ಹಗ್ಗದಿಂದ ಬಿಡಿಸಿಕೊಂಡರು. ಇದರ ವಿರುದ್ಧ ನಾವೂ ದನಿ ಎತ್ತಬೇಕಿತ್ತು, ಕಾರ್ಮಿಕ ಸಂಘದವರ ಜಗಳ ಅಂತ ಸುಮ್ಮನೆ ಕೂತೆವು. ಆದರೆ ಹಳೆಯ ಕಾಯಿದೆಯ ಒಂದು ಮಾತು ಹೊಸದರಲ್ಲೂ ಉಳಿದಿದೆ: ಗುತ್ತಿಗೆದಾರ ಪಗಾರ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲಕನೇ ಕೊಡಬೇಕು, ಕೊಟ್ಟು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೈ ಸೇರಬೇಕು. "ಬಿಲ್ಲು ಆಗಿಲ್ಲ, ಏಜೆನ್ಸಿಯವರನ್ನು ಕೇಳಿ" ಎಂದು ಆಫೀಸಿನವರು ಹೇಳಿದರೆ ಅದು ಕಾಯಿದೆಯ ಮಾತಲ್ಲ.

ಹುಡುಗನ ಅಸಲಿ ಮಾರ್ಕ್ಸ್ ಕಾರ್ಡು ಯಾರ ಕೈಗೂ ಕೊಡಬೇಡಿ. ನೇಮಕದ ಕಾಗದ ಬರವಣಿಗೆಯಲ್ಲಿ ಕೇಳಿ. ಅದರಲ್ಲಿ ಏಜೆನ್ಸಿಯ ಹೆಸರು, ಮೂಲ ಮಾಲಕನ ಹೆಸರು, ಪಗಾರ ಮೂರೂ ಇರಬೇಕು. ಭವಿಷ್ಯ ನಿಧಿಯ ಹನ್ನೆರಡು ಅಂಕಿಯ ನಂಬರು ಇಸಗೊಳ್ಳಿ, ಹುಡುಗನ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆಸಿ ತಿಂಗಳು ತಿಂಗಳು ನೋಡಿ. ಟ್ರ್ಯಾಕ್ಟರಿನ ಕಂತು ಹೇಗೆ ನೆನಪಿಡುತ್ತೀರೋ ಹಾಗೆ. ಡಿಪಾಜಿಟ್ ಅಂದವನ ಮುಂದಿನಿಂದ ಎದ್ದು ಬನ್ನಿ.

ಒಬ್ಬೊಬ್ಬರೇ ಹೋದರೆ ಆಗುವ ಕೆಲಸವಲ್ಲ. 1980ರಲ್ಲಿ ನರಗುಂದ ನವಲಗುಂದದ ಗೋಲಿಬಾರಿನ ನಂತರ ನಮ್ಮ ಚಳವಳಿ ಎದ್ದಾಗ, ಅಪ್ಪಣೆ ಇಲ್ಲದೆ ಅಧಿಕಾರಿ ಊರೊಳಗೆ ಬರಬಾರದೆಂದು ಅಗಸಿಯಲ್ಲಿ ಬೋರ್ಡು ನೆಟ್ಟೆವು. ಜಪ್ತಿಗೆ ಬಂದವರು ಆ ಬೋರ್ಡು ಓದಿ ನಿಂತರು. ಕೆಲಸ ಕೊಡಿಸುತ್ತೇನೆಂದು ಮೋಟರ್ ಸೈಕಲ್ ಮೇಲೆ ಬರುವ ಏಜೆಂಟನಿಗೂ ಅಂಥದೇ ಒಂದು ಬೋರ್ಡು ಯಾಕಾಗಬಾರದು? ಮೊದಲು ಸಂಘಕ್ಕೆ ಕಾಗದ ತೋರಿಸು, ಆಮೇಲೆ ಮನೆ ಬಾಗಿಲು ತಟ್ಟು.

ಇನ್ನೊಂದು ದಾರಿ ನಮ್ಮ ನೆರೆಯಲ್ಲೇ ಇದೆ. ಬೀದರದಲ್ಲಿ ಏಜೆನ್ಸಿಯ ಬದಲು ಸಹಕಾರ ಸಂಘದ ಮುಖಾಂತರ ಹೊರಗುತ್ತಿಗೆ ನೌಕರರನ್ನು ಇಲಾಖೆಗಳಿಗೆ ಒದಗಿಸುವ ವ್ಯವಸ್ಥೆ ನಡೆದಿದೆ. ಅದನ್ನೇ ಮಾದರಿ ಮಾಡಿ ಬೇರೆ ಜಿಲ್ಲೆಗಳಿಗೂ ತರುವ ಮಾತನ್ನು ರಾಜ್ಯ ಸರಕಾರ 2025ರಲ್ಲಿ ಆಡಿದೆ. ಸಹಕಾರ ಸಂಘ ಅಂದ ಕೂಡಲೇ ನಿಮ್ಮ ಮುಖ ಯಾಕೆ ಸಣ್ಣದಾಗುತ್ತದೆ ಎಂದು ನನಗೆ ಗೊತ್ತು. ನಮ್ಮ ಊರ ಸೊಸೈಟಿಗಳನ್ನು ಯಾರು ನುಂಗಿದರು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಏಜೆನ್ಸಿಯವನು ನಾಳೆ ಸಂಘದ ಡೈರೆಕ್ಟರ್ ಆಗಿ ಕೂರಬಹುದು. ಆದರೂ ಅಲ್ಲಿ ಲೆಕ್ಕ ಕೇಳುವ ಹಕ್ಕು ಸದಸ್ಯನಿಗೆ ಇದೆ, ವರ್ಷಕ್ಕೊಮ್ಮೆ ಸಭೆ ಇದೆ. ಝೆರಾಕ್ಸ್ ಅಂಗಡಿಯ ಮೇಲೆ ಯಾವ ಸಭೆಯೂ ಇಲ್ಲ. ಬೀದರದ ಪದ್ಧತಿ ಕಲಬುರಗಿಗೆ ಯಾವಾಗ ಎಂದು ನಮ್ಮ ಶಾಸಕರನ್ನು ಕೇಳುವ ಕೆಲಸ ನಮ್ಮದು.

ಮೊದಲು ಹೇಳಿದ ರೈತರ ಮಗನ ಸುದ್ದಿ ಅರ್ಧಕ್ಕೆ ಬಿಟ್ಟಿದ್ದೆ. ಏಳು ತಿಂಗಳು ದುಡಿದ, ನಾಲ್ಕು ತಿಂಗಳ ಪಗಾರ ಬಂತು. ಟೆಂಡರು ಮುಗಿಯಿತು, ಹೊಸ ಏಜೆನ್ಸಿ ಬಂತು, ಅದೂ ಹೊಸ ಡಿಪಾಜಿಟ್ ಕೇಳಿತು. ಅಪ್ಪ ಕೊಡಲಿಲ್ಲ, ಹುಡುಗ ಮನೆಗೆ ಬಂದ. ಸಾಲದ ಬಡ್ಡಿ ಮಾತ್ರ ತಿಂಗಳಿಗೆ 1,500 ತಪ್ಪದೆ ನಡೆದಿದೆ. ಹೋದ ತಿಂಗಳು ಅವನಂಥ ಆರು ಹುಡುಗರನ್ನು ಹುಡುಕಿ, ಎಲ್ಲರ ಹಾಜರಿಯ ಫೋಟೋ, ಬ್ಯಾಂಕಿನ ಪಾಸ್‌ಬುಕ್ ಜೋಡಿಸಿ ಕಲಬುರಗಿಯ ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಕೊಟ್ಟು ಬಂದಿದ್ದೇವೆ. ಏಜೆನ್ಸಿಯ ಜೊತೆ ಆಫೀಸಿನ ಮುಖ್ಯಸ್ಥರನ್ನೂ ಮೂಲ ಮಾಲಕರೆಂದು ಹೆಸರಿಸಿದ್ದೇವೆ. ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದರೆ ಮುಂದಿನ ಸಂಘದ ಸಭೆಗೆ ಅವನನ್ನು ಕರೆತನ್ನಿ. ಬರುವಾಗ ಬ್ಯಾಂಕಿನ ಪಾಸ್‌ಬುಕ್ ಮರೆಯಬೇಡಿ, ಡಿಪಾಜಿಟ್ ಕೊಟ್ಟ ತಾರೀಖನ್ನೂ, ಕೊಡುವಾಗ ಜೊತೆಗೆ ಇದ್ದವರ ಹೆಸರನ್ನೂ ಒಂದು ಕಾಗದದ ಮೇಲೆ ಬರೆದುಕೊಂಡು ಬನ್ನಿ.